ಎರಡನೇ ನಂಬರಿನ ಊದು

ವಿದ್ಯಾರಣ್ಯಪುರಂನ ಬಸವರಾಜು ಅವರ ಮೂಗು ಸತ್ತು ವರ್ಷಗಳೇ ಆಗಿದ್ದವು. ಸಾವಿನ ಸುದ್ದಿ ಮಾತ್ರ ಇನ್ನೂ ಮನೆಯಿಂದಾಚೆ ಹೋಗಿರಲಿಲ್ಲ. ನಿಜ ಹೇಳಬೇಕೆಂದರೆ ಮನೆಯೊಳಕ್ಕೂ ಬಂದಿರಲಿಲ್ಲ.

ಅದು ಅಂತಿಂಥ ಮೂಗಲ್ಲ. ಮೇಟಗಳ್ಳಿಯ ಊದುಬತ್ತಿ ಕಾರ್ಖಾನೆಯೊಂದರಲ್ಲಿ ಗಂಧ ಕೂಡಿಸುತ್ತಲೇ ಮುಪ್ಪಾದ ಮೂಗು. ಯಾವ ಎಣ್ಣೆಗೆ ಯಾವ ಪುಡಿ ಎಷ್ಟು ಬೆರೆಸಿದರೆ ದೇವರಿಗೂ ಭಕ್ತರಿಗೂ ಒಟ್ಟಿಗೆ ಒಪ್ಪಿಗೆಯಾಗುತ್ತದೆಂದು ತೀರ್ಮಾನ ಮಾಡುತ್ತಿದ್ದದ್ದು ಅದೇ. ಬೀದಿಯವರು ತುಪ್ಪ ತಂದರೆ ಮೊದಲು ಬಸವರಾಜು ಅವರ ಮೂಗಿನ ಕೆಳಗೆ ಹಿಡಿಯುತ್ತಿದ್ದರು. ಗ್ಯಾಸ್ ಸೋರುತ್ತಿದೆ ಎಂಬ ಅನುಮಾನ ಬಂದರೆ ಏಜೆನ್ಸಿಗಿಂತ ಮೊದಲು ಇವರಿಗೆ ಕರೆ ಬರುತ್ತಿತ್ತು. ಅಂಥ ಮೂಗು ಕೊರೊನಾ ಕಾಲದ ಜ್ವರದಲ್ಲಿ ಮಲಗಿತು. ಜ್ವರ ಎದ್ದು ಹೋಯಿತು, ಮೂಗು ಏಳಲಿಲ್ಲ.

ಊರಿಗೆಲ್ಲ ವಾಸನೆ ಹೋಗಿತ್ತು, ಊರಿಗೆಲ್ಲ ತಿರುಗಿ ಬಂತು. ತನಗೂ ಇಂದಲ್ಲ ನಾಳೆ ಬರುತ್ತದೆ ಎಂದು ಬಸವರಾಜು ಬಾಯಿ ಮುಚ್ಚಿಕೊಂಡು ಕಾದರು. ಬರಲಿಲ್ಲ. ಅಷ್ಟರಲ್ಲಿ ಹೇಳಿಕೊಳ್ಳುವ ಕಾಲ ಮೀರಿತ್ತು. ಹಾಡುವವರ ಗಂಟಲು ಕಟ್ಟಿದರೆ ಸಭೆಗೆಲ್ಲ ಗೊತ್ತಾಗುತ್ತದೆ, ಪೈಲ್ವಾನನ ಸೊಂಟ ಹಿಡಿದುಕೊಂಡರೆ ಅಖಾಡಕ್ಕೆಲ್ಲ ಗೊತ್ತಾಗುತ್ತದೆ. ಮೂಗು ಕೆಟ್ಟರೆ ಮೂಗಿನ ಯಜಮಾನನ ಹೊರತು ಯಾರಿಗೆ ಗೊತ್ತಾಗಬೇಕು? ಈ ಅನುಕೂಲವೇ ಅವರನ್ನು ಕೆಡಿಸಿತು.

ಯಾರಾದರೂ ಏನಾದರೂ ತಂದರೆ ಅವರು ಕಣ್ಣು ಅರ್ಧ ಮುಚ್ಚಿ, ದೀರ್ಘವಾಗಿ ಉಸಿರೆಳೆದು, "ಹ್ಞೂಂ... ಮೊದ್ಲು ನೀನೇಳು, ನಿಂಗೇನನ್ನಿಸ್ತದೆ?" ಎನ್ನುತ್ತಿದ್ದರು. ಮುಚ್ಚದೆ ಉಳಿದ ಅರ್ಧ ಕಣ್ಣು ಎದುರಿನವರ ಮುಖದ ಮೇಲಿರುತ್ತಿತ್ತು. ಮುಖ ಅರಳಿದ್ದರೆ "ಭೇಷ್", ಸಿಂಡರಿಸಿದ್ದರೆ "ಬ್ಯಾಡ", ಏನೂ ತಿಳಿಯದಿದ್ದರೆ "ಇನ್ನೂ ಸ್ವಲ್ಪ ದಿನ ಕೂರಲಿ". ಈ ಕೊನೆಯ ಮಾತು ತುಪ್ಪಕ್ಕೂ ಉಪ್ಪಿನಕಾಯಿಗೂ ಊದುಬತ್ತಿಗೂ ಸರಿಹೋಗುತ್ತಿತ್ತು. ನಿವೃತ್ತಿಯಾದ ಮೇಲೂ ಕಾರ್ಖಾನೆಯವರು ಹೊಸ ಬತ್ತಿ ಮಾಡಿದಾಗಲೆಲ್ಲ ಕರೆಸುತ್ತಿದ್ದರು. "ಮುಂಚೆ ಹತ್ತು ಮಾತಾಡೋರು, ಈಗ ಬರೀ ತಲೆ ಆಡಿಸ್ತಾರೆ. ಅನುಭವ ಅಂದ್ರೆ ಇದು ಕಣ್ರೀ," ಎಂದು ಅಲ್ಲಿನವರು ಕೈಮುಗಿಯುತ್ತಿದ್ದರು. ಲೋಕ ಹೀಗೇ. ಇದ್ದಾಗ ಸಿಗದ ಮರ್ಯಾದೆ ಹೋದಮೇಲೆ ದುಪ್ಪಟ್ಟಾಗಿ ಸಿಗುತ್ತದೆ.

ಅವರಿಗಿದ್ದ ಒಂದೇ ತಾಪತ್ರಯವೆಂದರೆ ಹೆಂಡತಿ. ಹೆಚ್ಚು ಮಾತಿನವರಲ್ಲದ ನೀಲಮ್ಮನಿಗೆ ಇತ್ತೀಚಿನ ವರ್ಷಗಳಲ್ಲಿ ಬಾಯಿ ಜಾಸ್ತಿಯಾಗಿತ್ತು. "ರೀ, ಹಾಲು ಸೀದೋಯ್ತು ಕಣ್ರೀ!" "ಪಕ್ಕದ್ಮನೇಲಿ ಬೆಳ್ಳುಳ್ಳಿ ಒಗ್ಗರಣೆ!" "ಎಲ್ಲೋ ಮಳೆಯಾಯ್ತು, ಮಣ್ಣಿನ ವಾಸ್ನೆ ಬತ್ತಾ ಅದೆ!" "ಆ ಟವಲ್ಲು ಮುಗ್ಗಲು ನಾತ, ಬುಡಿ ಅತ್ಲಾಗೆ!" ಬೆಳಗಿನಿಂದ ಸಂಜೆತನಕ ಅಡುಗೆಮನೆಯಿಂದ ಇದೇ ಕೂಗು.

"ಮೆತ್ತಗೆ ಹೇಳೇ, ನಾನೇನು ಕಿವುಡನಾ? ವಯಸ್ಸಾಯ್ತಾ ಆಯ್ತಾ ರೇಡಿಯೋ ಆಗ್ಬುಟ್ಟಿದ್ದೀಯ," ಎಂದು ಬಸವರಾಜು ರೇಗುತ್ತಿದ್ದರು. ನೀಲಮ್ಮ ಮಾತ್ರ ದನಿ ತಗ್ಗಿಸಿದವರಲ್ಲ.

ಇಷ್ಟೇ ಆಗಿದ್ದರೆ ಹೇಗೋ ಕಾಲ ತಳ್ಳಬಹುದಿತ್ತು. ಕಷ್ಟ ಬಂದದ್ದು ಮಗಳ ಕಡೆಯಿಂದ. ರಕ್ಷಿತಾ ರಸಾಯನಶಾಸ್ತ್ರ ಓದಿ, ಕಾಲೇಜೊಂದರಲ್ಲಿ ಪಾಠ ಹೇಳಿಕೊಂಡಿದ್ದ ಹುಡುಗಿ. ಹಿಂದೊಮ್ಮೆ ತಾನೇ ಕೂಡಿಸಿದ ಸುಗಂಧವೊಂದನ್ನು ಪುಟ್ಟ ಬಾಟಲಿಯಲ್ಲಿ ತಂದು ಅಪ್ಪನ ಮುಂದೆ ಹಿಡಿದಿದ್ದಳು. ಬಸವರಾಜು ಎಂದಿನಂತೆ ಮುಖ ನೋಡಿದರು. ಆ ಮುಖ ದೀಪದಂತೆ ಉರಿಯುತ್ತಿತ್ತು. "ಕೈ ಬಂತು ಕಣಮ್ಮ ನಿಂಗೆ," ಎಂದುಬಿಟ್ಟರು. ಆ ಒಂದು ಮಾತು ಸಾಕಾಯಿತು. ಅವಳು ಕೆಲಸ ಬಿಟ್ಟು, ಮಹಡಿಯ ಮೇಲೆ ನೀರಿನ ಟ್ಯಾಂಕಿನ ಪಕ್ಕದ ಕೋಣೆಯನ್ನು ಗಾಜಿನ ಬಾಟಲಿಗಳಿಂದ ತುಂಬಿ, ಅಲ್ಲೇ ಕೂತಳು.

ಈಗ ಅವಳು ಕೈಹಾಕಿದ್ದು ಊದಿಗೆ. ಊದುಬತ್ತಿ ಎಂಬ ಹೆಸರಿನಲ್ಲಿ ಊದು ಇದೆಯೇ ಹೊರತು ನಮ್ಮ ಬತ್ತಿಗಳಲ್ಲಿ ಅದು ಇರುವುದು ಅಷ್ಟಕ್ಕಷ್ಟೆ. ಅಗರು ಮರಕ್ಕೆ ಗಾಯವಾಗಿ, ರೋಗ ತಗುಲಿ, ಒಳಗೊಳಗೇ ಕಪ್ಪಗೆ ಅಂಟುಗಟ್ಟಿದ ಕಟ್ಟಿಗೆ ಅದು. ಅದರ ಎಣ್ಣೆಯೆಂದರೆ ಅರಬ್ಬರಿಗೆ ಪ್ರಾಣ. ಆದರೆ ಬಲು ಗಡಸು. ಒಬ್ಬರು ಹಚ್ಚಿಕೊಂಡು ಬಂದರೆ ಮದುವೆ ಛತ್ರಕ್ಕೆಲ್ಲ ಆಗಿ, ಮಾರನೆಯ ದಿನದ ಬೀಗರೂಟಕ್ಕೂ ಉಳಿಯುತ್ತದೆ. ಸಿಟಿ ಬಸ್ಸಿನಲ್ಲಿ ಪಕ್ಕದವರು ಕಿಟಕಿ ತೆಗೆಯದಂಥ, ಮೈಸೂರಿನ ಬಿಸಿಲಿಗೆ ಒಗ್ಗುವಂಥ, ಹಗುರವಾದ ಹೊಸ ಊದನ್ನು ಮಾಡಬೇಕೆಂಬುದು ರಕ್ಷಿತಾಳ ಹಟ.

ಒಂದು ಗುರುವಾರ ಅವಳು ಎರಡು ಬಾಟಲಿಗಳನ್ನು ಅಪ್ಪನ ಮುಂದಿಟ್ಟಳು. ಒಂದನೇ ನಂಬರು ಅರಬ್ಬರ ಹಳೇ ಪದ್ಧತಿಯದು. ಎರಡನೇ ನಂಬರು ಅವಳದೇ ಲೆಕ್ಕಾಚಾರ, ಊದಿಗೆ ಲಾವಂಚ ಮತ್ತು ಹೇರಳೆಕಾಯಿ ಸಿಪ್ಪೆ ಕೂಡಿದ್ದು.

"ಭಾನುವಾರ ದುಬೈನಿಂದ ಶಿವಪ್ರಕಾಶ್ ಬರ್ತಾರೆ ಅಪ್ಪಾಜಿ. ಚಾಮರಾಜನಗರದ ಕಡೆಯೋರೇ, ಅಲ್ಲಿ ಸೆಂಟಿನ ಅಂಗಡಿ ಇಟ್ಟಿದ್ದಾರೆ. ಒಂದೇ ತೋರಿಸ್ಬೇಕು. ಯಾವ್ದು ಅಂತ ನೀವೇ ಹೇಳ್ಬೇಕು."

ಬಸವರಾಜು ಕಣ್ಣು ಅರ್ಧ ಮುಚ್ಚಿ ಉಸಿರೆಳೆದರು. "ಹ್ಞೂಂ... ಮೊದ್ಲು ನೀನೇಳು."

"ಹೇಳಲ್ಲ. ನಾನು ಹೇಳಿದ್ರೆ ನಿಮ್ಮ ಮೂಗು ನನ್ನ ಮಾತು ಕೇಳ್ಬುಡ್ತದೆ," ಎಂದು ಅವಳು ಮುಖವನ್ನು ಕಲ್ಲು ಮಾಡಿಕೊಂಡಳು. ಮೂಗಿನ ಮಗಳಲ್ಲವೇ, ವೃತ್ತಿಧರ್ಮ ಬಲ್ಲವಳು.

"ಇನ್ನೂ ಸ್ವಲ್ಪ ದಿನ ಕೂರಲಿ."

"ಭಾನುವಾರ ಅಂದ್ನಲ್ಲ ಅಪ್ಪಾಜಿ!"

"ಹಂಗಾದ್ರೆ ಶನಿವಾರದ ತನಕ ಕೂರಲಿ."

ಅವತ್ತು ಬಸವರಾಜು ಅವರಿಗೆ ನಿಜವಾದ ಹೆದರಿಕೆ ಹುಟ್ಟಿತು. ತುಪ್ಪದ ವಿಷಯದಲ್ಲಿ ತಪ್ಪಿದರೆ ಒಂದು ಒಬ್ಬಟ್ಟು ಕೆಡುತ್ತದೆ. ಇಲ್ಲಿ ತಪ್ಪಿದರೆ ಕೆಡುವುದು ಮಗಳ ಬದುಕು. ಇಲ್ಲ ಕಣಮ್ಮ, ನನ್ನ ಮೂಗು ಸತ್ತಿದೆ ಎಂದರೆ, ಅಂದು ಹೇಳಿದ "ಕೈ ಬಂತು" ಕೂಡ ಸುಳ್ಳೆಂದು ಆಗುತ್ತದೆ. ಆ ಸುಳ್ಳನ್ನು ನಂಬಿ ಅವಳು ಕೆಲಸ ಬಿಟ್ಟಿದ್ದಾಳೆ. ಎತ್ತ ಹೊರಳಿದರೂ ಮುಳ್ಳು.

ನೀಲಮ್ಮನನ್ನು ಕೇಳಬಹುದಿತ್ತು. ಆದರೆ ಹೆಂಡತಿಯ ಕಿವಿಗೆ ಬಿದ್ದದ್ದು ಮಗಳಿಗೆ ಮುಟ್ಟಲು ಮಹಡಿ ಮೆಟ್ಟಿಲಷ್ಟೇ ದೂರ. ಹಾಗಾಗಿ ಮೂಗನ್ನು ಹೊರಗಿನಿಂದ ಕಡ ತರುವುದೆಂದು ನಿಶ್ಚಯಿಸಿ, ಶುಕ್ರವಾರ ರಕ್ಷಿತಾ ಪೇಟೆಗೆ ಹೋದ ಹೊತ್ತು ನೋಡಿ, ಎರಡೂ ಬಾಟಲಿಗಳನ್ನು ಜುಬ್ಬದ ಜೇಬಿಗೆ ಇಳಿಸಿಕೊಂಡು ರಾಜೀವನಗರಕ್ಕೆ ಹೊರಟರು. ಅಲ್ಲಿ ಅತ್ತರಿನ ಅಂಗಡಿ ಇಟ್ಟಿದ್ದ ಖಲೀಲ್ ಸಾಹೇಬರು ಹಳೆಯ ಸ್ನೇಹಿತರು. ನಡುವೆ ಬಸ್ ಬದಲಿಸುವಾಗ ಮನೆಯಲ್ಲಿ ವಿಭೂತಿ ಮುಗಿದದ್ದು ನೆನಪಾಗಿ, ಒಂದು ದಪ್ಪ ವಿಭೂತಿ ಗಟ್ಟಿ ಕೊಂಡು ಅದನ್ನೂ ಅದೇ ಜೇಬಿಗೆ ಹಾಕಿಕೊಂಡರು.

ಖಲೀಲ್ ಸಾಹೇಬರು ಗಾಜಿನ ಕಡ್ಡಿಯಿಂದ ಒಂದನ್ನು ಬಸವರಾಜು ಅವರ ಬಲಗೈಗೆ, ಇನ್ನೊಂದನ್ನು ಎಡಗೈಗೆ ಹಚ್ಚಿ, ಎರಡನ್ನೂ ಮೂಸಿ, ಕಣ್ಣು ಮುಚ್ಚಿ ಕೂತರು.

"ಯಾವ್ದು ಮೇಲು ಸಾಹೇಬ್ರೇ?"

ಸಾಹೇಬರು ಕಣ್ಣು ಬಿಟ್ಟು ಅವರನ್ನೇ ನೋಡಿದರು. ಆಮೇಲೆ ಗಡ್ಡ ನೀವಿಕೊಂಡು ನಕ್ಕರು. "ಬಸವರಾಜಣ್ಣ, ಈ ವಯಸ್ಸಲ್ಲಿ ನನಗೆ ಪರೀಕ್ಷೆ ಇಡ್ತೀರಾ? ಆ ಮೂಗು ಇಟ್ಕೊಂಡು ನನ್ನ ಕೇಳ್ತಿದ್ದೀರಲ್ಲ!"

"ಪರೀಕ್ಷೆ ಅಲ್ಲ ಮಾರಾಯ್ರೇ. ಸುಮ್ನೆ ಹೇಳಿ."

"ಇದಕ್ಕೆ ಇದರ ಮರ್ಯಾದೆ, ಅದಕ್ಕೆ ಅದರ ಮರ್ಯಾದೆ. ಸಾಕಾ? ನಾನು ಸಿಕ್ಕಿ ಬೀಳೋನಲ್ಲ," ಎಂದು ಸಾಹೇಬರು ಚಹಾ ತರಿಸಿದರು. ಎಷ್ಟು ಗೋಗರೆದರೂ ಅಷ್ಟೇ. ಹೆಸರು ಬೆಳೆದರೆ ಹೀಗೂ ಒಂದು ಕಾಟ. ಗೊತ್ತಿಲ್ಲ ಎಂದರೆ ಯಾರೂ ನಂಬುವುದಿಲ್ಲ. ಬಸವರಾಜು ಪೆಚ್ಚಾಗಿ ಬಾಟಲಿಗಳ ಬಿರಡೆಗಳನ್ನು ಹೇಗೋ ಒತ್ತಿ ಜೇಬಿಗೆ ಹಾಕಿಕೊಂಡು ಎದ್ದರು. ಎರಡನೇ ನಂಬರಿನ ಬಿರಡೆ ಸರಿಯಾಗಿ ಕೂತಿರಲಿಲ್ಲ.

ಬಸ್ಸು ಕುಲುಕಿದಾಗಲೆಲ್ಲ ಊದು ತೊಟ್ಟಿಕ್ಕಿತು. ಜುಬ್ಬ ಕುಡಿದದ್ದು ಸ್ವಲ್ಪ, ವಿಭೂತಿ ಗಟ್ಟಿ ಕುಡಿದದ್ದು ಬಹಳ. ಬೂದಿಯಷ್ಟು ಬಾಯಾರಿದ್ದು ಇನ್ನಾವುದಿದೆ? ಪಕ್ಕದಲ್ಲಿದ್ದವರು ಎದ್ದು ಹಿಂದಿನ ಸೀಟಿಗೆ ಹೋದರು. ಮುಂದಿದ್ದ ಹೆಂಗಸು ತಿರುಗಿ ತಿರುಗಿ ನೋಡಿದಳು. ನರೆಗೂದಲಿಗೆ ಜನ ಇನ್ನೂ ಗೌರವ ಕೊಡುತ್ತಾರಲ್ಲ ಎಂದು ಬಸವರಾಜು ಕಾಲು ಚಾಚಿಕೊಂಡು ಕೂತರು.

ಮನೆಯ ಬಾಗಿಲಲ್ಲೇ ನೀಲಮ್ಮ ಕೂಗಿದರು: "ಏನ್ರೀ ಇದು! ಮೈಯೆಲ್ಲ ಊದು ಘಮ್ ಅಂತದಲ್ರೀ!"

ಬಸವರಾಜು ಕೈಗಳನ್ನು ತೋರಿಸಿ, "ಪರೀಕ್ಷೆಗೆ ಹಚ್ಕೊಂಡಿದ್ದೆ ಕಣೇ," ಎಂದು ಬಚ್ಚಲಿಗೆ ಹೋಗಿ ಸೋಪು ಹಾಕಿ ತಿಕ್ಕಿ ತೊಳೆದರು. ಎರಡನೇ ಬಾಟಲಿ ಇಳಿದಿದ್ದನ್ನು ನೋಡಿ, ಖಲೀಲ್ ಸಾಹೇಬರ ಕೈ ಧಾರಾಳ ಎಂದುಕೊಂಡರು. ಜುಬ್ಬ ಬಕೆಟ್ಟಿಗೆ ಹೋಯಿತು, ವಿಭೂತಿ ಗಟ್ಟಿ ಪೂಜೆಯ ತಟ್ಟೆಗೆ ಹೋಯಿತು. ಹಳೆಯ ಗಟ್ಟಿಯ ಚೂರುಪಾರು ಶನಿವಾರಕ್ಕೆ ಸಾಲುವಷ್ಟಿತ್ತು. ಮಹಡಿಯಿಂದ ಇಳಿಯುವ ವಾಸನೆಗೆ ಮನೆಯವರ ಮೂಗುಗಳೆಲ್ಲ ಒಗ್ಗಿಹೋಗಿದ್ದರಿಂದ ಪೂಜೆಯ ತಟ್ಟೆಯ ಮೇಲೆ ಯಾರಿಗೂ ಅನುಮಾನ ಬರಲಿಲ್ಲ.

ಶನಿವಾರ ಸಂಜೆ ರಕ್ಷಿತಾ ಬಂದು ನಿಂತಳು. "ಯಾವ್ದು ಅಪ್ಪಾಜಿ?"

ಬಸವರಾಜು ದೇವರ ಮೇಲೆ ಭಾರ ಹಾಕಿ, ಬಾಯಿಗೆ ಬಂದದ್ದನ್ನು ಹೇಳಿದರು. "ಎರಡನೇದು."

ಕಲ್ಲಾಗಿದ್ದ ಮುಖ ಕರಗಿತು. "ನಂಗೂ ಅದೇ ಅನ್ನಿಸಿತ್ತು! ನೀವು ಅಂದ ಮೇಲೆ ಇನ್ನೇನು ಬುಡಿ, ಧೈರ್ಯ ಬಂತು," ಎಂದು ಅವಳು ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು. ಆ ಸಂತೋಷ ನೋಡಿದ ಬಸವರಾಜು ಅವರಿಗೆ ರಾತ್ರಿ ಊಟ ಸೇರಲಿಲ್ಲ. ಊಟ ಸೇರಿ ಹೇಗೂ ವರ್ಷಗಳಾಗಿದ್ದವು, ಆದರೆ ಅವತ್ತು ಗಂಟಲಲ್ಲೂ ಇಳಿಯಲಿಲ್ಲ.

ಭಾನುವಾರ ಮನೆಯಲ್ಲಿ ಒಗ್ಗರಣೆ ನಿಷಿದ್ಧವೆಂದು ರಕ್ಷಿತಾ ಕಟ್ಟಪ್ಪಣೆ ಮಾಡಿದಳು. ಕಿಟಕಿಗಳೆಲ್ಲ ತೆರೆದವು. ನೀಲಮ್ಮ ಬೋಳು ಇಡ್ಲಿ ಬೇಯಿಸಿ, "ಆಸ್ಪತ್ರೆ ಊಟ ಕೊಟ್ಟಂಗಾಯ್ತದೆ," ಎಂದು ಗೊಣಗಿದರು. ಶಿವಪ್ರಕಾಶ್ ಹೇಳಿದ ಹೊತ್ತಿಗೇ ಬಂದರು. ಗುಂಡು ಮುಖದ, ಮೆತ್ತನೆ ಮಾತಿನ ಮನುಷ್ಯ. ರಕ್ಷಿತಾ ಬಿಳಿಯ ಕಾಗದದ ಪಟ್ಟಿಗೆ ಎರಡನೇ ನಂಬರನ್ನು ಅದ್ದಿ ಕೊಟ್ಟಳು. ಅವರು ಬೀಸಿದರು, ಮೂಸಿದರು, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮೂಸಿದರು.

"ಚೆನ್ನಾಗಿದೆಯಮ್ಮ. ಕೆಲಸ ಬಲ್ಲ ಕೈ. ಆದ್ರೆ..." ಎಂದು ನಿಲ್ಲಿಸಿದರು. "ಇಂಥದ್ದು ನನ್ನ ಅಂಗಡೀಲಿ ಬೇಕಾದಷ್ಟಿದೆ."

ರಕ್ಷಿತಾಳ ಮುಖ ಬಿಳಿಚಿತು. ಆ ಹೊತ್ತಿಗೆ ಸರಿಯಾಗಿ ಬಸವರಾಜು ಪೂಜೆ ಮುಗಿಸಿ ಹೊರಗೆ ಬಂದರು. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ನಿಧಾನವಾಗಿ ಪೂಜಿಸಿ, ಮಗಳಿಗೆ ಒಳ್ಳೆಯದಾಗಲಿ ಎಂದು ಬೇಡಿಕೊಂಡು, ಹೊಸ ಗಟ್ಟಿಯಿಂದ ಹಣೆಗೆ, ಕೊರಳಿಗೆ, ತೋಳಿಗೆ, ಎದೆಗೆ, ಮುಂಗೈಗೆ ಮೂರು ಮೂರು ಬೆರಳಿನ ಪಟ್ಟೆ ಎಳೆದುಕೊಂಡಿದ್ದರು. ಹೊದ್ದ ಶಲ್ಯದ ಸಂದಿಯಿಂದ ವಿಭೂತಿ ಮಿಂಚುತ್ತಿತ್ತು. ಎಂದಿಗಿಂತ ಧಾರಾಳವಾಗಿಯೇ ಹಚ್ಚಿದ್ದರು; ಆತಂಕವಿದ್ದಾಗ ಭಕ್ತಿ ಜಾಸ್ತಿ.

ಅವರು ಬಂದು ಕೂತದ್ದೇ ತಡ, ಶಿವಪ್ರಕಾಶರ ಮೂಗು ಅರಳಿತು. ಕೈಯಲ್ಲಿದ್ದ ಪಟ್ಟಿಯನ್ನು ಟೀಪಾಯಿಯ ಮೇಲಿಟ್ಟು, ಈ ಕಡೆ ವಾಲಿದರು.

"ಸಾರ್, ನೀವೇನು ಹಾಕ್ಕೊಂಡಿದ್ದೀರಿ?"

"ನಾನಾ?" ಬಸವರಾಜು ಗಂಭೀರವಾದರು. "ಗಂಧ ಕೂಡ್ಸೋನು ಮೈಗೆ ಏನೂ ಹಾಕ್ಬಾರ್ದು. ನಮ್ಮ ಗುರುಗಳು ಕಲಿಸಿದ ಮೊದಲ್ನೇ ಪಾಠ. ಸೋಪು ಸಹಿತ ಸಪ್ಪೇದು. ನನ್ನ ಮೈಲಿ ನೀರಿನ ವಾಸ್ನೆ ಕೂಡ ಇರಲ್ಲ."

"ಸ್ವಲ್ಪ ಎದ್ದು ಫ್ಯಾನಿನ ಕೆಳಗೆ ನಿಂತ್ಕೋತೀರಾ ಸಾರ್?"

ದುಬೈನವರ ಪದ್ಧತಿ ಇರಬಹುದೆಂದು ಬಸವರಾಜು ನಿಂತರು. ಶಿವಪ್ರಕಾಶ್ ಗರ್ಭಗುಡಿ ಸುತ್ತುವವರಂತೆ ಅವರ ಸುತ್ತ ಒಂದು ಪ್ರದಕ್ಷಿಣೆ ಬಂದರು. ಭುಜದ ಹತ್ತಿರ ಮೂಸಿದರು, ಬೆನ್ನಿನ ಹತ್ತಿರ ಮೂಸಿದರು. ರಕ್ಷಿತಾ ಗಾಬರಿಯಾಗಿ ಹತ್ತಿರ ಬಂದವಳು ಅಲ್ಲೇ ನಿಂತುಬಿಟ್ಟಳು. ಅವಳ ಊದೇ ಅದು, ಅನುಮಾನವಿಲ್ಲ. ಆದರೆ ಬೇರೆಯದೇ ಆಗಿತ್ತು. ಎಣ್ಣೆಯ ಜಿಡ್ಡು ಹೋಗಿ, ಒಣಗಿ, ಹಗುರಾಗಿ, ಎಲ್ಲೋ ಒಳಗೆ ತಣ್ಣಗೆ ಬೂದಿಯ ಒಂದು ಎಳೆ.

"ಅಪ್ಪಾಜಿ," ಎಂದಳು ಮೆಲ್ಲಗೆ. "ನಿಮ್ಮ ಮೈಯಿಂದ ಏನೂ ವಾಸ್ನೆ ಬರ್ತಿಲ್ವಾ?"

"ಮೂಗು ಯಾರ್ದು ಅಂತ ತಿಳ್ಕೊಂಡಿದ್ದೀಯ? ಇದ್ದಿದ್ರೆ ನಂಗೇ ಮೊದ್ಲು ಗೊತ್ತಾಗ್ತಿತ್ತು," ಎಂದು ಬಸವರಾಜು ಮುಂಗೈಯನ್ನು ಮೂಗಿಗೆ ಒತ್ತಿ, ದೀರ್ಘವಾಗಿ ಎಳೆದು, ತಲೆಯಾಡಿಸಿದರು. "ಏನೂ ಇಲ್ಲ."

ಎಲ್ಲರೂ ತನ್ನನ್ನೇ ನೋಡುತ್ತಿರುವುದು ಬಸವರಾಜು ಅವರಿಗೆ ಕಂಡಿತು. ಇಷ್ಟು ವರ್ಷ ಮುಖ ಓದಿಯೇ ಬದುಕಿದ್ದವರು. ಮಗಳ ಮುಖದಲ್ಲಿ ಏನಾಗುತ್ತಿದೆಯೆಂದು ತಿಳಿಯಲು ಅವರಿಗೆ ತಡವಾಗಲಿಲ್ಲ.

ಶಿವಪ್ರಕಾಶ್ ಮರ್ಯಾದಸ್ಥರು. ಏನನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ಈ ವಾಸ್ನೆ ಬಾಟಲಿಯೊಳಗೆ ಬಂದ ದಿನ ಫೋನ್ ಮಾಡಮ್ಮ. ಇಂಥ ಊದು ನಾನು ಅರಬ್ ದೇಶದಲ್ಲೇ ನೋಡಿಲ್ಲ. ನಾನೇ ಬರ್ತೀನಿ," ಎಂದು ಹೇಳಿ ಹೋದರು. ಆ ಮಾತಿಗೆ ಕುಣಿಯಬೇಕಾದ ಹುಡುಗಿ ಕುರ್ಚಿಯಲ್ಲಿ ಕುಸಿದು ಕೂತಳು.

"ಯಾವತ್ತಿಂದ?"

"ಆ ಜ್ವರದಿಂದ ಕಣಮ್ಮ."

"ಹಾಗಾದ್ರೆ ನಂಗೆ ಕೈ ಬಂತು ಅಂದ್ರಲ್ಲ? ಅವತ್ತು?"

"ಅವತ್ತೂ ಇರ್ಲಿಲ್ಲ."

"ನಾನು ಅದನ್ನೇ ನಂಬ್ಕೊಂಡು ಕೆಲಸ ಬಿಟ್ಟೆ ಅಪ್ಪಾಜಿ!" ಅವಳ ದನಿ ಒಡೆಯಿತು. "ಏನ್ ನೋಡಿ ಹೇಳಿದ್ರಿ?"

"ನಿನ್ನ ಮುಖ ನೋಡ್ದೆ," ಎಂದರು ಬಸವರಾಜು. "ಮೂಗಿದ್ದ ಕಾಲದಲ್ಲಿ, ಮೊದಲ್ನೇ ಸಲ ಒಂದು ಗಂಧ ಕೂಡಿ ಬಂದಾಗ ನನ್ನ ಮುಖನೂ ಅಂಗೇ ಇತ್ತು. ಅದ್ಕೇ ಹೇಳ್ದೆ. ಆದ್ರೂ ತಪ್ಪು ಕಣಮ್ಮ. ಮೋಸಾನೇ ಅದು. ಹೇಳೋಕೆ ನಾಚ್ಕೆ ಆಯ್ತಿತ್ತು. ಮೂಗಿಲ್ಲದ ಬಸವರಾಜು ಅಂದ್ರೆ ಏನು ಉಳೀತು ನಂಗೆ?"

ಅವರ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಒಳಗಿನಿಂದ ಕಾಫಿ ಹಿಡಿದು ಬಂದ ನೀಲಮ್ಮ ಗಂಡನ ಮುಂದೆ ಲೋಟವಿಟ್ಟು, ಅಭ್ಯಾಸಬಲದಿಂದ, "ಹೊಸ ಪುಡಿ ಕಣ್ರೀ, ಘಮಘಮ ಅಂತದೆ. ಹಾಲೂ ಸೀದಿಲ್ಲ, ಕುಡೀರಿ," ಎಂದರು.

ಅಪ್ಪ ಮಗಳು ಇಬ್ಬರೂ ತಲೆಯೆತ್ತಿ ಅವರನ್ನು ನೋಡಿದರು.

"ಅಮ್ಮಾ, ನಿಂಗೆ ಗೊತ್ತಿತ್ತಾ?"

"ಗೊತ್ತಿಲ್ದೆ ಏನು? ಜ್ವರ ಬಿಟ್ಟ ವಾರದಲ್ಲೇ ನೋಡ್ದೆ, ತಿಳೀದೆ ಹಳಸಿದ ಸಾರು ಬಡಿಸ್ಬುಟ್ಟಿದ್ದೆ. ಉಪ್ಪನ್ನೂ ಮೂಸಿ ನೋಡೋ ಮನುಷ್ಯ, ಇನ್ನೊಂದು ಸೌಟು ಹಾಕು ಅಂದ್ರು." ನೀಲಮ್ಮ ಸೆರಗಿನಿಂದ ಲೋಟದ ತಳ ಒರೆಸಿದರು. "ಕೇಳಿದ್ರೆ ನೊಂದ್ಕೋತಾರೆ ಅಂತ ಸುಮ್ಕಾದೆ. ಹೊರಗಡೆ ನಾಕು ಜನರ ಮುಂದೆ ಸಿಕ್ಕಾಕೋಬಾರ್ದು, ಕೆಟ್ಟಿದ್ದನ್ನ ತಿನ್ಬಾರ್ದು ಅಂತ ಎಲ್ಲಾನೂ ನಾನೇ ಕೂಗಿ ಹೇಳ್ತಾ ಬಂದೆ. ಏನ್ ಮಾಡೋದು, ಗಂಟಲು ನೋವು ಬಂದ್ರೂ ಬುಡಲಿಲ್ಲ."

ಬಸವರಾಜು ಅವರಿಗೆ ಸೀದ ಹಾಲು, ಮಳೆಯ ಮಣ್ಣು, ಮುಗ್ಗಲು ಟವಲ್ಲು, ಪಕ್ಕದ ಮನೆಯ ಒಗ್ಗರಣೆ, ಎಲ್ಲವೂ ಒಮ್ಮೆಗೇ ನೆನಪಿಗೆ ಬಂದವು. ರೇಡಿಯೋ ಎಂದು ರೇಗಿದ್ದೂ ನೆನಪಿಗೆ ಬಂತು.

ರಕ್ಷಿತಾಳ ಕಣ್ಣು ಅಪ್ಪನ ಮುಂಗೈಯ ವಿಭೂತಿ ಪಟ್ಟೆಗಳ ಮೇಲೆ ನಿಂತಿತು. ಆಮೇಲೆ ಎದ್ದು ಪೂಜೆಯ ಕೋಣೆಯಿಂದ ವಿಭೂತಿ ಗಟ್ಟಿ ತಂದು, ಬೆರಳಲ್ಲಿ ಒರೆಸಿ, ಅಮ್ಮನ ಮುಂಗೈಗೆ ಮೂರು ಪಟ್ಟೆ ಎಳೆದಳು. "ಹೇಗಿದೆ ಅಂತ ಅಪ್ಪಾಜಿಗೆ ಹೇಳಮ್ಮ."

ನೀಲಮ್ಮ ಮೂಸಿದರು. "ಮಠದ ಹಜಾರದಲ್ಲಿ ಬೆಳಗ್ಗೆ ಕಸ ಗುಡಿಸಿ ನೀರು ಚಿಮುಕಿಸಿರ್ತಾರಲ್ಲ, ಅಂಗೆ. ಹಳೇ ಮರದ ಪೆಟ್ಟಿಗೆ ಬಾಯಿ ತೆಗೆದಂಗೆ. ಆಮೇಲೆ... ಬೇಸಿಗೇಲಿ ಕಿಟಕಿಗೆ ಲಾವಂಚದ ತಟ್ಟಿ ಕಟ್ಟಿ ನೆನೆಸ್ತಾರಲ್ಲ, ಅದು ಸ್ವಲ್ಪ ಮುಂದಕ್ಕೆ ಬಂದು ನಿಂತ್ಕೋತದೆ. ಪೆಟ್ಟಿಗೆಗೆ ಅಡ್ಡ."

ಬಸವರಾಜು ಕಣ್ಣು ಮುಚ್ಚಿದರು. ಈ ಸಲ ಅರ್ಧವಲ್ಲ, ಪೂರ್ತಿ. ಹಜಾರ ಬಂತು, ಪೆಟ್ಟಿಗೆ ಬಂತು, ತಟ್ಟಿಯಿಂದ ನೀರು ತೊಟ್ಟಿಕ್ಕುವುದೂ ಬಂತು. ತುಟಿ ಅಲುಗಿಸುತ್ತ ಒಂದೊಂದನ್ನೇ ಅದರ ಜಾಗದಲ್ಲಿಟ್ಟು ನೋಡಿದರು.

"ಲಾವಂಚ ಒಂದು ಚೂರು ಜಾಸ್ತಿ ಆಗದೆ ಕಣಮ್ಮ," ಎಂದರು. "ಇಳಿಸು."

ರಕ್ಷಿತಾ ಅಮ್ಮನ ಕೈಯನ್ನು ಎಳೆದುಕೊಂಡು ಮೂಸಿದಳು. ಮತ್ತೊಮ್ಮೆ ಮೂಸಿದಳು. "ಹೌದು ಅಪ್ಪಾಜಿ," ಎಂದಳು. ಕೋಪವಿನ್ನೂ ಪೂರ್ತಿ ಇಳಿದಿರಲಿಲ್ಲ. ಆದರೂ ಗಟ್ಟಿಯನ್ನು ಹಿಡಿದುಕೊಂಡು ಮಹಡಿ ಹತ್ತಿದಳು, ಈ ಸಲ ಒಂದೊಂದೇ ಮೆಟ್ಟಿಲು.

ನೀಲಮ್ಮ ಅಡುಗೆಮನೆಗೆ ಹೋದರು. ಗುಟ್ಟು ಬಯಲಾದ ಮೇಲೆ ಇನ್ನು ಕೂಗುವುದೇಕೆಂದು ಅನ್ನಿಸಿತೋ ಏನೋ, ಮೆತ್ತಗಿನ ದನಿಯಲ್ಲಿ, "ರೀ, ಒಗ್ಗರಣೆ ಹಾಕ್ತಾ ಇವ್ನಿ. ಕರಿಬೇವು ಘಮ್ ಅಂತದೆ," ಎಂದರು.

ನಡುಮನೆಯಿಂದ ಬಸವರಾಜು ಹೇಳಿದರು: "ಸ್ವಲ್ಪ ಜೋರಾಗಿ ಹೇಳೇ, ಇಲ್ಲಿಗೆ ಕೇಳಿಸ್ತಿಲ್ಲ."